ಸರ್ಕಾರಿ ಬಂದೂಕು ಮತ್ತು ಸೂಕ್ಷ್ಮ ಸಾಧನಗಳನ್ನು ಕಾಪಾಡುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

2020ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಡಲಿದ್ದ ವಿಮಾನವೊಂದರ ಶೌಚಾಲಯದಲ್ಲಿ ಪ್ರಯಾಣಿಕರೊಬ್ಬರಿಗೆ ಗುಂಡು ತುಂಬಿದ ಪಿಸ್ತೂಲು ಸಿಕ್ಕಿತು. ಅದು ಬ್ರಿಟನ್ನಿನ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಅವರ ಅಂಗರಕ್ಷಕರದ್ದು. ಪಿಸ್ತೂಲನ್ನು ಯಾರೂ ಕದ್ದಿರಲಿಲ್ಲ, ಬೀಗ ಮುರಿದಿರಲಿಲ್ಲ, ಸಂಚು ಹೂಡಿರಲಿಲ್ಲ; ತರಬೇತಿ ಪಡೆದ ಅಧಿಕಾರಿಯೊಬ್ಬರು ಅದನ್ನು ಸೊಂಟದಿಂದ ತೆಗೆದಿಟ್ಟು ಮರೆತಿದ್ದರು, ಅಷ್ಟೆ.

ಸರ್ಕಾರಿ ಆಯುಧಗಳ ಪಾಲನೆಯ ಬಗ್ಗೆ ಮಾತನಾಡುವಾಗ ದಪ್ಪ ಗೋಡೆ, ಉಕ್ಕಿನ ಬಾಗಿಲು ಮತ್ತು ಕ್ಯಾಮೆರಾಗಳೇ ಮೊದಲು ನೆನಪಿಗೆ ಬರುತ್ತವೆ. ಅವು ಬೇಕೇ ಬೇಕು. ಆದರೆ ಸಾಧನಗಳು ಕಾಣೆಯಾಗುವುದು ಬಹುತೇಕ ಬೀಗದ ಕೋಣೆಯೊಳಗಿಂದಲ್ಲ. ಕೋಣೆಯಿಂದ ಕೈಗೆ, ಒಂದು ಕೈಯಿಂದ ಇನ್ನೊಂದು ಕೈಗೆ, ಕೈಯಿಂದ ಕಾರಿನ ಸೀಟಿಗೆ ದಾಟುವ ಗಳಿಗೆಯಲ್ಲಿ. ಅಮೆರಿಕದ ಗೃಹಭದ್ರತಾ ಇಲಾಖೆಯ ಮಹಾ ತನಿಖಾಧಿಕಾರಿ ಕಚೇರಿಯ 2017ರ ವರದಿಯ ಪ್ರಕಾರ, 2014ರಿಂದ 2016ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಆ ಇಲಾಖೆಯ ಸಿಬ್ಬಂದಿ 228 ಬಂದೂಕುಗಳನ್ನೂ 1,889 ಬ್ಯಾಡ್ಜ್‌ಗಳನ್ನೂ ವಲಸೆ ವಿಭಾಗದ 25 ಮೊಹರುಗಳನ್ನೂ ಕಳೆದುಕೊಂಡಿದ್ದರು. ಪರಿಶೀಲಿಸಿದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಸಿಬ್ಬಂದಿಯ ಅಜಾಗರೂಕತೆಯೇ ಕಾರಣವಾಗಿತ್ತು. ಆದ್ದರಿಂದ ಈ ಮಾರ್ಗದರ್ಶಿ ಒಂದೇ ನಿಯಮದ ಸುತ್ತ ಸಾಗುತ್ತದೆ: ಯಾವ ಗಳಿಗೆಯಲ್ಲಿ ಕೇಳಿದರೂ ಪ್ರತಿಯೊಂದು ಸಾಧನದ ಎದುರು ಒಬ್ಬರ ಹೆಸರು, ಒಬ್ಬರದೇ ಹೆಸರು, ಇರಬೇಕು. ನಿಮ್ಮ ಇಲಾಖೆಯ ಸ್ಥಾಯಿ ಆದೇಶಗಳು ಇದಕ್ಕಿಂತ ಬಿಗಿಯಾಗಿದ್ದರೆ ಅವನ್ನೇ ಪಾಲಿಸಬೇಕು; ಸಡಿಲವಾಗಿದ್ದರೆ ಇಲ್ಲಿರುವುದನ್ನು ಅವುಗಳ ಮೇಲೆ ಸೇರಿಸಿಕೊಳ್ಳಬಹುದು.

ಹಂತ 1: ಸೂಕ್ಷ್ಮ ಸಾಧನ ಯಾವುದೆಂದು ನಿರ್ಧರಿಸಿ

ಬೆಲೆ ಹೆಚ್ಚಿರುವುದೆಲ್ಲ ಸೂಕ್ಷ್ಮ ಸಾಧನವಲ್ಲ. ಬೆಲೆ ಕಡಿಮೆಯಿದ್ದರೂ ಕೆಲವು ವಸ್ತುಗಳು ಅತ್ಯಂತ ಸೂಕ್ಷ್ಮವಾಗಿರುತ್ತವೆ. ರಬ್ಬರ್ ಮೊಹರಿನ ಬೆಲೆ ಏನೂ ಅಲ್ಲ, ಆದರೆ ಅದರಿಂದ ಒತ್ತಿದ ನಕಲಿ ಆದೇಶದಿಂದ ಆಗುವ ಹಾನಿಗೆ ಲೆಕ್ಕವಿಲ್ಲ. ಪ್ರತಿ ವಸ್ತುವಿನ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಹೊರಗಿನವರ ಕೈಗೆ ಸಿಕ್ಕರೆ ಯಾರಿಗಾದರೂ ಗಾಯ ಅಥವಾ ಸಾವು ಸಂಭವಿಸಬಹುದೇ? ಇದನ್ನು ಹಿಡಿದುಕೊಂಡು ಯಾರಾದರೂ ತಾನು ಸರ್ಕಾರಿ ಅಧಿಕಾರಿ ಎಂದು ನಂಬಿಸಬಹುದೇ? ಇದರೊಳಗಿನ ಮಾಹಿತಿಯಿಂದ ಜನರಿಗೋ ಕಾರ್ಯಾಚರಣೆಗೋ ಅಪಾಯವಿದೆಯೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ಆ ವಸ್ತು ಪಟ್ಟಿಗೆ ಸೇರಬೇಕು.

ಈ ಪರೀಕ್ಷೆಯಿಂದ ಬಂದೂಕು, ಮದ್ದುಗುಂಡು, ಅಶ್ರುವಾಯು ಶೆಲ್ಲು ಮತ್ತು ವಿದ್ಯುದಾಘಾತ ನೀಡುವ ಸಾಧನಗಳ ಜೊತೆಗೆ ವೈರ್‌ಲೆಸ್ ಸೆಟ್, ಲ್ಯಾಪ್‌ಟಾಪ್, ಮೊಬೈಲ್, ರಾತ್ರಿ ದೃಷ್ಟಿಯ ದುರ್ಬೀನು, ಡ್ರೋನ್, ಗುಂಡು ನಿರೋಧಕ ಕವಚ, ಕೈಕೋಳ, ಗುರುತಿನ ಚೀಟಿ, ಬ್ಯಾಡ್ಜ್, ಸಮವಸ್ತ್ರ ಮತ್ತು ಕಚೇರಿಯ ಮೊಹರುಗಳೂ ಪಟ್ಟಿಗೆ ಬರುತ್ತವೆ. ಎಲ್ಲಕ್ಕೂ ಒಂದೇ ಮಟ್ಟದ ಕಾವಲು ಬೇಕಿಲ್ಲ. ಆದರೆ ಎಲ್ಲಕ್ಕೂ ಒಂದು ಸಂಖ್ಯೆ ಮತ್ತು ಒಬ್ಬ ಹೊಣೆಗಾರ ಇರಲೇಬೇಕು.

ಹಂತ 2: ಒಂದೇ ಮೂಲ ರಿಜಿಸ್ಟರ್ ಇಡಿ

ಹಲವು ಕಚೇರಿಗಳಲ್ಲಿ ಉಗ್ರಾಣದವರದ್ದೊಂದು ಪುಸ್ತಕ, ಲೆಕ್ಕಶಾಖೆಯದ್ದೊಂದು ಪಟ್ಟಿ, ಕಂಪ್ಯೂಟರಿನಲ್ಲಿ ಮತ್ತೊಂದು ಕಡತ ಇರುತ್ತದೆ. ಮೂರರಲ್ಲಿ ಮೂರು ಮೊತ್ತ. ಇವುಗಳಲ್ಲಿ ಯಾವುದು ಅಂತಿಮ ಎಂಬುದನ್ನು ಲಿಖಿತ ಆದೇಶದಿಂದ ನಿಶ್ಚಯಿಸಿ, ಉಳಿದವೆಲ್ಲ ಅದರ ಪ್ರತಿಗಳೆಂದು ಘೋಷಿಸಬೇಕು. ಪ್ರತಿ ಬಂದೂಕಿನ ಎದುರು ತಯಾರಕರ ಹೆಸರು, ಮಾದರಿ, ಕ್ಯಾಲಿಬರ್ (ನಳಿಗೆಯ ಒಳವ್ಯಾಸ), ದೇಹದ ಮೇಲೆ ಕೊರೆದ ಕ್ರಮಸಂಖ್ಯೆ, ಬಂದ ದಿನಾಂಕ, ಬಂದ ಆದೇಶದ ಸಂಖ್ಯೆ, ಈಗ ಯಾರ ಬಳಿ ಇದೆ ಎಂಬ ವಿವರಗಳಿರಬೇಕು. ಕ್ರಮಸಂಖ್ಯೆಯನ್ನು ಹಳೆಯ ಪುಸ್ತಕದಿಂದ ನೋಡಿ ಬರೆಯದೆ, ಬಂದೂಕನ್ನೇ ಕೈಯಲ್ಲಿ ಹಿಡಿದು ಓದಿ ಬರೆಯಬೇಕು. ಎಂಟನ್ನು ಮೂರೆಂದೂ ಸೊನ್ನೆಯನ್ನು ಅಕ್ಷರವೆಂದೂ ಒಮ್ಮೆ ತಪ್ಪಾಗಿ ಬರೆದರೆ, ಅದನ್ನು ನೋಡಿ ನಕಲು ಮಾಡುವವರೆಲ್ಲ ಆ ತಪ್ಪನ್ನೇ ದಶಕಗಳ ಕಾಲ ಮುಂದುವರಿಸುತ್ತಾರೆ. ಹಲವು ಪಿಸ್ತೂಲುಗಳಲ್ಲಿ ಫ್ರೇಮ್ (ಹಿಡಿಯಿರುವ ಕೆಳಭಾಗ), ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ) ಮತ್ತು ನಳಿಗೆಯ ಮೇಲೆ ಬೇರೆಬೇರೆಯಾಗಿ ಸಂಖ್ಯೆ ಇರುತ್ತದೆ. ಅವು ಪರಸ್ಪರ ಹೊಂದುತ್ತವೆಯೇ ಎಂದು ನೋಡದಿದ್ದರೆ ಬಿಡಿಭಾಗಗಳ ಅದಲುಬದಲು ಗೊತ್ತೇ ಆಗುವುದಿಲ್ಲ.

ಬರಹದ ಲೆಕ್ಕ ಮತ್ತು ಕೈಗೆ ಸಿಗುವ ಲೆಕ್ಕ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಪ್ರಕರಣ ತಕ್ಕ ಉದಾಹರಣೆ. ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯಲ್ಲಿ 25 ಇನ್ಸಾಸ್ ರೈಫಲ್‌ಗಳೂ 12,061 ತೋಟಾಗಳೂ ಲೆಕ್ಕಕ್ಕೆ ಸಿಗುತ್ತಿಲ್ಲವೆಂದು 2020ರ ಫೆಬ್ರವರಿಯಲ್ಲಿ ಮಂಡನೆಯಾದ ಮಹಾಲೇಖಪಾಲರ ವರದಿ ಹೇಳಿತು. ಬಳಿಕ ಅಪರಾಧ ವಿಭಾಗ ಒಂದೊಂದೇ ರೈಫಲ್ಲಿನ ಸಂಖ್ಯೆ ಓದಿ ಪರಿಶೀಲಿಸಿದಾಗ ರೈಫಲ್‌ಗಳೇನೋ ಇದ್ದವು. ಕೆಲವು ಮಣಿಪುರದಲ್ಲಿ ಕರ್ತವ್ಯದಲ್ಲಿದ್ದ ಸಿಬ್ಬಂದಿಯ ಬಳಿ ಇದ್ದವು. ಬಂದೂಕು ಕಳೆದಿರಲಿಲ್ಲ, ಬರವಣಿಗೆ ಕಳೆದಿತ್ತು. ಆದರೂ ಇಡೀ ಪಡೆ ಸಾರ್ವಜನಿಕವಾಗಿ ಉತ್ತರ ಹೇಳಬೇಕಾಯಿತು. ತೋಟಾಗಳ ಕಥೆ ಅಷ್ಟು ಸರಳವಾಗಿರಲಿಲ್ಲ. ಕೊರತೆ ಮುಚ್ಚಲು ನಕಲಿ ತೋಟಾ ಇಟ್ಟ ಸಂಗತಿಯನ್ನೂ ಅದೇ ವರದಿ ದಾಖಲಿಸಿತ್ತು.

ರಿಜಿಸ್ಟರಿನ ಪುಟಗಳಿಗೆ ಮುದ್ರಿತ ಸಂಖ್ಯೆ ಇರಬೇಕು. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಬಿಳಿ ಬಣ್ಣ ಬಳಿಯುವುದು, ಹಾಳೆ ಹರಿಯುವುದು ಸಲ್ಲದು. ಕಂಪ್ಯೂಟರ್ ವ್ಯವಸ್ಥೆಯಾದರೆ ಹಳೆಯ ನಮೂದು ಅಳಿಯದೆ ಯಾರು, ಯಾವಾಗ ಬದಲಿಸಿದರು ಎಂಬ ಜಾಡು ಉಳಿಯುವಂತಿರಬೇಕು. ವಿಶ್ವಸಂಸ್ಥೆ 2005ರಲ್ಲಿ ಅಂಗೀಕರಿಸಿದ ಅಂತಾರಾಷ್ಟ್ರೀಯ ಜಾಡು ಪತ್ತೆ ಒಪ್ಪಂದವು, ತಯಾರಿಕೆಯ ದಾಖಲೆಗಳನ್ನು ಕನಿಷ್ಠ 30 ವರ್ಷ ಮತ್ತು ಸಣ್ಣ ಆಯುಧಗಳ ಇತರ ದಾಖಲೆಗಳನ್ನು ಕನಿಷ್ಠ 20 ವರ್ಷ ಉಳಿಸಬೇಕೆಂದು ಹೇಳುತ್ತದೆ.

ಹಂತ 3: ಶಸ್ತ್ರಾಗಾರ ಮತ್ತು ಅದರ ಕೀಲಿಗಳು

ಕೋಣೆಗೆ ಒಂದೇ ಬಾಗಿಲಿರಲಿ. ಕಿಟಕಿ ಇಲ್ಲದಿದ್ದರೆ ಒಳ್ಳೆಯದು, ಇದ್ದರೆ ಒಳಗಿನಿಂದ ಬಿಗಿದ ಕಬ್ಬಿಣದ ಜಾಲರಿ ಇರಲಿ. ಗೋಡೆ ಗಟ್ಟಿಯಾಗಿದ್ದು ಮೇಲ್ಚಾವಣಿ ಹಗುರ ತಗಡಿನದ್ದಾಗಿದ್ದರೆ ಕಳ್ಳರು ಬಾಗಿಲ ಕಡೆ ಬರುವುದೇ ಇಲ್ಲ, ಆದ್ದರಿಂದ ನಾಲ್ಕು ಗೋಡೆಗಳಂತೆಯೇ ನೆಲ ಮತ್ತು ಸೂರನ್ನೂ ಪರಿಶೀಲಿಸಬೇಕು. ಬಂದೂಕುಗಳನ್ನು ಚರಣಿಗೆಯಲ್ಲಿ ನಿಲ್ಲಿಸಿ, ಟ್ರಿಗರ್ ಗಾರ್ಡಿನೊಳಗೆ ಸರಪಳಿ ಅಥವಾ ಕಂಬಿ ಹಾಯಿಸಿ ಬೀಗ ಹಾಕಬೇಕು. ಹೀಗೆ ಮಾಡಿದರೆ ಬಾಗಿಲು ಮುರಿದವರಿಗೂ ಎರಡನೆಯ ಅಡ್ಡಿ ಎದುರಾಗುತ್ತದೆ. ಸಣ್ಣ ಘಟಕಗಳು ಕೋಣೆಯ ಬದಲು ಸೇಫ್ ಬಳಸುವುದಾದರೆ ಅದನ್ನು ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿ ಬಿಗಿಯುವುದು ಕಡ್ಡಾಯ. ಸೇಫ್‌ಗಳ ಐರೋಪ್ಯ ಮಾನದಂಡ ಇಎನ್ 1143-1 ಕೂಡ 1,000 ಕಿಲೋಗ್ರಾಂಗಿಂತ ಹಗುರವಾದ ಸೇಫ್‌ಗಳಿಗೆ ಬಿಗಿಯುವ ವ್ಯವಸ್ಥೆ ಇರಬೇಕೆನ್ನುತ್ತದೆ. ತೆರೆಯಲಾಗದ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ನಿಧಾನವಾಗಿ ತೆರೆಯಬಹುದು ಎಂಬುದು ಇದರ ಹಿಂದಿನ ಸರಳ ಕಾರಣ.

ಕೀಲಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ: ಕೀಲಿಯ ರಿಜಿಸ್ಟರ್ ಇಲ್ಲದ ಶಸ್ತ್ರಾಗಾರಕ್ಕೆ ಬೀಗವೇ ಇಲ್ಲವೆಂದು ತಿಳಿಯಬೇಕು. ಬಾಗಿಲಿಗೆ ಎರಡು ಬೀಗಗಳಿದ್ದು, ಎರಡರ ಕೀಲಿ ಇಬ್ಬರು ಬೇರೆಬೇರೆ ವ್ಯಕ್ತಿಗಳ ಬಳಿ ಇರಬೇಕು. ಆಗ ಒಬ್ಬರೇ ಒಳಹೋಗುವುದು ಸಾಧ್ಯವಾಗುವುದಿಲ್ಲ. ಕೀಲಿ ಮನೆಗೆ ಹೋಗಬಾರದು, ಮೇಜಿನ ಖಾನೆಯಲ್ಲಿ ಮಲಗಬಾರದು, ಸ್ವಂತ ಬೈಕಿನ ಕೀಲಿಗೊಂಚಲಿಗೆ ಸೇರಬಾರದು. ನಕಲು ಕೀಲಿಗಳನ್ನು ಲಕೋಟೆಯಲ್ಲಿ ಹಾಕಿ, ಅಂಟಿನ ಜಾಗದ ಮೇಲೆ ಸಹಿ ಮಾಡಿ, ಬೇರೆ ಸೇಫಿನಲ್ಲಿಡಬೇಕು. ಲಕೋಟೆ ತೆರೆದ ಪ್ರತಿ ಸಲವೂ ಕಾರಣ ಬರೆದು ಹೊಸ ಲಕೋಟೆ ಮಾಡಬೇಕು. ಅಂಕಿಯ ಬೀಗವಾದರೆ, ಅಂಕಿ ಗೊತ್ತಿದ್ದವರು ವರ್ಗವಾದ ದಿನವೇ ಅದನ್ನು ಬದಲಿಸಬೇಕು. ಅವರ ಮೇಲೆ ಅನುಮಾನವಿದೆ ಎಂದಲ್ಲ. ನಾಳೆ ಏನಾದರೂ ನಡೆದರೆ ಅವರ ಹೆಸರೂ ಸುಮ್ಮನೆ ಎಳೆದಾಡಬಾರದು ಎಂಬುದಕ್ಕಾಗಿ.

ಎಚ್ಚರಿಕೆ ಗಂಟೆಯನ್ನು ಅಳವಡಿಸಿದರೆ ಸಾಲದು, ಅದು ಬಾರಿಸಿದಾಗ ಯಾರು ಬರುತ್ತಾರೆ, ಎಷ್ಟು ನಿಮಿಷದಲ್ಲಿ ಬರುತ್ತಾರೆ ಎಂಬುದನ್ನು ಮುನ್ಸೂಚನೆ ಕೊಡದೆ ಪರೀಕ್ಷಿಸಬೇಕು. ಕ್ಯಾಮೆರಾ ಬಾಗಿಲನ್ನೂ ವಿತರಣೆಯ ಮೇಜನ್ನೂ ನೋಡುತ್ತಿರಲಿ. ಆದರೆ ಅಂಕಿಯ ಬೀಗ ಒತ್ತುವ ಬೆರಳುಗಳನ್ನು ನೋಡುವಂತಿರಬಾರದು. ಪ್ರಕರಣಗಳಲ್ಲಿ ವಶಪಡಿಸಿಕೊಂಡ ಆಯುಧಗಳನ್ನು ಇಲಾಖೆಯ ಆಯುಧಗಳ ಜೊತೆ ಒಂದೇ ಚರಣಿಗೆಯಲ್ಲಿ ಎಂದೂ ಇಡಬಾರದು. ಅವುಗಳ ಕಾನೂನು, ರಿಜಿಸ್ಟರ್, ಹೊಣೆಗಾರರು ಎಲ್ಲವೂ ಬೇರೆ.

ಹಂತ 4: ಕೊಡುವುದು ಮತ್ತು ಮರಳಿ ಪಡೆಯುವುದು

ಇಡೀ ಮಾರ್ಗದರ್ಶಿಯಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಕೈಬದಲಾವಣೆಯ ಕ್ರಮವನ್ನು ಪ್ರತಿ ಸಲವೂ, ಎಷ್ಟೇ ಅವಸರವಿದ್ದರೂ, ಒಂದೇ ಅನುಕ್ರಮದಲ್ಲಿ ನಡೆಸಬೇಕು:

1. ಪಡೆಯುವವರ ಗುರುತಿನ ಚೀಟಿಯನ್ನೂ ಆ ದಿನದ ಕರ್ತವ್ಯದ ಆದೇಶವನ್ನೂ ನೋಡಬೇಕು. ಮುಖಪರಿಚಯ ಆದೇಶದ ಬದಲಿಯಲ್ಲ.
2. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ, ಸಾಧ್ಯವಾದರೆ ಮರಳು ತುಂಬಿದ ಪೀಪಾಯಿಯೊಳಕ್ಕೆ, ತಿರುಗಿಸಿ, ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆಯಬೇಕು. ಆಮೇಲೆ ಸ್ಲೈಡ್ ಅಥವಾ ಬೋಲ್ಟ್ ಹಿಂದಕ್ಕೆಳೆದು ಛೇಂಬರನ್ನು (ಹಾರಲು ಸಿದ್ಧವಾದ ತೋಟಾ ಕೂರುವ ಜಾಗ) ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಾಲಿಯಾಗಿದೆಯೆಂದು ಖಚಿತಪಡಿಸಬೇಕು.
3. ಕೊಡುವವರು ತೋರಿಸಬೇಕು, ಪಡೆಯುವವರು ಅದೇ ಪರೀಕ್ಷೆಯನ್ನು ತಾವೂ ಮಾಡಬೇಕು.
4. ಕ್ರಮಸಂಖ್ಯೆಯನ್ನು ಪಡೆಯುವವರು ಗಟ್ಟಿಯಾಗಿ ಓದಬೇಕು. ಕೊಡುವವರು ರಿಜಿಸ್ಟರಿನಲ್ಲಿ ಅದನ್ನು ಹೊಂದಿಸಬೇಕು.
5. ತೋಟಾಗಳನ್ನು ಇಬ್ಬರೂ ಎಣಿಸಿ, ಸಂಖ್ಯೆಯ ಜೊತೆಗೆ ಲಾಟ್ ಸಂಖ್ಯೆಯನ್ನೂ (ಒಟ್ಟಿಗೆ ತಯಾರಾದ ಕಂತಿನ ಗುರುತು) ಬರೆದು, ಆಗಿನ ನಿಖರ ಸಮಯ ಹಾಕಿ ಇಬ್ಬರೂ ಸಹಿ ಮಾಡಬೇಕು.

ಎರಡನೆಯ ಅಂಶದಲ್ಲಿ ಅನುಕ್ರಮ ತಪ್ಪಿದರೆ ಪರೀಕ್ಷೆಯೇ ಅಪಾಯವಾಗುತ್ತದೆ. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಖಾಲಿಯಾಗಿದ್ದ ಛೇಂಬರಿಗೆ ಹೊಸ ಗುಂಡು ಏರುತ್ತದೆ. ಖಾಲಿ ಮಾಡಿದೆನೆಂಬ ನಂಬಿಕೆಯಲ್ಲಿ ಟ್ರಿಗರ್ ಒತ್ತಿದವರ ಕೈಯಲ್ಲಿ ಗುಂಡು ಹಾರುವುದು ಹೀಗೆಯೇ. ನಾಲ್ಕನೆಯ ಅಂಶದಲ್ಲಿ ಓದುವವರು ಪಡೆಯುವವರೇ ಆಗಿರಬೇಕೆಂಬುದಕ್ಕೂ ಕಾರಣವಿದೆ. ಪುಸ್ತಕ ಮುಂದಿಟ್ಟುಕೊಂಡವರ ಕಣ್ಣು ತಾನು ಕಾಣಬಯಸಿದ ಸಂಖ್ಯೆಯನ್ನೇ ಕಾಣುತ್ತದೆ. ಪುಸ್ತಕ ಕಾಣದವರು ಇರುವುದನ್ನಷ್ಟೇ ಓದುತ್ತಾರೆ.

ರಿಜಿಸ್ಟರಿನ ಜೊತೆಗೆ ಬಿಲ್ಲೆಯ ಪದ್ಧತಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿಯೊಬ್ಬರಿಗೂ ಅವರ ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ ಇರುತ್ತದೆ. ಬಂದೂಕು ಪಡೆದಾಗ ಚರಣಿಗೆಯ ಆ ಜಾಗದಲ್ಲಿ ಬಿಲ್ಲೆಯನ್ನು ತೂಗುಹಾಕಬೇಕು. ಬಂದೂಕೂ ಇಲ್ಲ, ಬಿಲ್ಲೆಯೂ ಇಲ್ಲ ಎಂಬ ಜಾಗ ಕಂಡರೆ ಪುಸ್ತಕ ತೆರೆಯುವ ಮೊದಲೇ ಏನೋ ತಪ್ಪಾಗಿದೆಯೆಂದು ತಿಳಿಯುತ್ತದೆ. ಎಷ್ಟು ಆಧುನಿಕ ಬಾರ್‌ಕೋಡ್ ವ್ಯವಸ್ಥೆ ಬಂದರೂ ಒಂದು ನೋಟಕ್ಕೆ ಇಷ್ಟು ಹೇಳುವ ಉಪಾಯ ಬೇರೆ ಇಲ್ಲ.

ಪಾಳಿ ಮುಗಿದಾಗ ಮೊದಲು ಲೆಕ್ಕ, ಆಮೇಲೆ ಮನೆ. ಎಲ್ಲ ಆಯುಧಗಳೂ ಮರಳಿ ಸಂಖ್ಯೆ ಹೊಂದುವವರೆಗೆ ಆ ಪಾಳಿಯವರು ಆವರಣ ಬಿಡಬಾರದು. ಮರುದಿನ ಬೆಳಗ್ಗೆ ಕೊರತೆ ಕಂಡರೆ ಹುಡುಕಬೇಕಾದ ಊರು ದೊಡ್ಡದಾಗಿರುತ್ತದೆ. ಅದೇ ಸಂಜೆ ಕಂಡರೆ ಹುಡುಕಬೇಕಾದುದು ಒಂದು ಜೀಪು ಮಾತ್ರ. ಸಹೋದ್ಯೋಗಿಗಳ ನಡುವಿನ ‘ಒಂದು ನಿಮಿಷ ಹಿಡಿದುಕೊಂಡಿರಿ’ ಎಂಬ ಕೊಡುಕೊಳ್ಳುವಿಕೆಯನ್ನು ಸಂಪೂರ್ಣ ನಿಷೇಧಿಸಬೇಕು. ಆ ಒಂದು ನಿಮಿಷದಲ್ಲಿ ರಿಜಿಸ್ಟರಿನ ಹೆಸರು ಒಬ್ಬರದು, ಕೈ ಇನ್ನೊಬ್ಬರದು. ದುರಸ್ತಿಗೆ ಹೋಗುವ, ಬೇರೆ ಘಟಕಕ್ಕೆ ತಾತ್ಕಾಲಿಕವಾಗಿ ಹೋಗುವ, ತರಬೇತಿ ಶಿಬಿರಕ್ಕೆ ಹೋಗುವ ಬಂದೂಕುಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅವುಗಳಿಗೆ ಮರಳಬೇಕಾದ ದಿನಾಂಕವನ್ನೂ ಬರೆದು, ಆ ದಿನ ದಾಟಿದರೆ ವಿಚಾರಿಸಬೇಕು.

ಹಂತ 5: ವ್ಯಕ್ತಿಯ ಬಳಿ ಇರುವಾಗ

ಮೈಮೇಲಿರುವ ಬಂದೂಕೇ ಹೆಚ್ಚು ಸುರಕ್ಷಿತ. ಚೀಲ, ಟಿಫಿನ್ ಬುಟ್ಟಿ, ಕಾರಿನ ಖಾನೆ, ವ್ಯಾಯಾಮಶಾಲೆಯ ಕಪಾಟು ಇವೆಲ್ಲ ಬಂದೂಕನ್ನು ದೇಹದಿಂದ ಬೇರೆ ಮಾಡುತ್ತವೆ, ಬೇರೆಯಾದದ್ದು ಮರೆತುಹೋಗುತ್ತದೆ. ಹೋಲ್‌ಸ್ಟರ್ (ಬಂದೂಕಿನ ಒರೆ) ಆ ಮಾದರಿಯ ಬಂದೂಕಿಗೆಂದೇ ಮಾಡಿದ್ದಾಗಿರಬೇಕು, ಟ್ರಿಗರ್ ಪೂರ್ತಿ ಮುಚ್ಚಬೇಕು, ಪಟ್ಟಿ ಅಥವಾ ಲಾಕ್ ಕೆಲಸ ಮಾಡುತ್ತಿದೆಯೇ ಎಂದು ಪಾಳಿಯ ಆರಂಭದಲ್ಲಿ ಎಳೆದು ನೋಡಬೇಕು. ಗದ್ದಲದ ಗುಂಪಿನಲ್ಲಿ ನಿಲ್ಲುವವರಿಗೆ ಬಂದೂಕನ್ನು ಬೆಲ್ಟಿಗೆ ಕಟ್ಟುವ ಲ್ಯಾನ್ಯಾರ್ಡ್ ಹಗ್ಗ ಹಳೆಯ ಉಪಾಯವಾದರೂ ಇಂದಿಗೂ ಉಪಯುಕ್ತ.

ಶೌಚಾಲಯದ ಮಾತು ನಗು ತರಿಸಬಹುದು, ಆದರೆ ಇದನ್ನು ತರಬೇತಿಯಲ್ಲಿ ಮುಲಾಜಿಲ್ಲದೆ ಹೇಳಬೇಕು. ಬಂದೂಕನ್ನು ಹೋಲ್‌ಸ್ಟರಿನಿಂದ ತೆಗೆಯಬಾರದು; ಕೊಕ್ಕೆಗೆ ತೂಗುಹಾಕಬಾರದು; ನೀರಿನ ತೊಟ್ಟಿಯ ಮೇಲೆ, ಕಾಗದದ ಪೆಟ್ಟಿಗೆಯ ಮೇಲೆ ಇಡಬಾರದು. ಹೋಲ್‌ಸ್ಟರ್ ಸಹಿತ ಬೆಲ್ಟ್ ಉಡುಪಿನಲ್ಲೇ ಉಳಿದು, ಉಡುಪಿನ ಜೊತೆಗೇ ಕೆಳಗಿಳಿದು, ಜೊತೆಗೇ ಮೇಲೇರಬೇಕು. ಹೊರಬರುವ ಮುನ್ನ ಸೊಂಟ ಮುಟ್ಟಿ ನೋಡುವುದು ಅಭ್ಯಾಸವಾಗಬೇಕು. 2019ರಲ್ಲಿ ಅಮೆರಿಕದ ಸಂಸತ್ ಭವನದ ಸಂದರ್ಶಕರ ಕೇಂದ್ರದ ಶೌಚಾಲಯದಲ್ಲಿಯೂ ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬರ ಪಿಸ್ತೂಲು ಹೀಗೆಯೇ ಉಳಿದುಹೋಗಿತ್ತು.

ವಾಹನದ ಅಪಾಯ ಇದಕ್ಕಿಂತ ದೊಡ್ಡದು. 2015ರ ಜೂನ್ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿಲ್ಲಿಸಿದ್ದ ವಾಹನದಿಂದ ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಅಧಿಕಾರಿಯೊಬ್ಬರ ಪಿಸ್ತೂಲು ಕಳವಾಯಿತು. ಕೆಲವೇ ದಿನಗಳ ನಂತರ, ಜುಲೈ 1ರಂದು, ಆ ಪಿಸ್ತೂಲಿನಿಂದ ಹಾರಿದ ಗುಂಡು ಅದೇ ನಗರದ ಕಡಲ ಕಟ್ಟೆಯ ಮೇಲೆ ನಡೆಯುತ್ತಿದ್ದ ಯುವತಿಯೊಬ್ಬಳನ್ನು ಕೊಂದಿತು. ಕ್ಯಾಲಿಫೋರ್ನಿಯಾ ಮುಂದಿನ ವರ್ಷ ಕಾನೂನು ತಂದು, ಯಾರೂ ಇಲ್ಲದ ವಾಹನದಲ್ಲಿ ಪಿಸ್ತೂಲು ಬಿಡುವಾಗ ಡಿಕ್ಕಿಯಲ್ಲಿ ಬೀಗ ಹಾಕಿಯೋ ಹೊರಗೆ ಕಾಣದಂತೆ ಬೀಗದ ಪೆಟ್ಟಿಗೆಯಲ್ಲಿಟ್ಟೋ ಹೋಗಬೇಕೆಂಬ ನಿಯಮವನ್ನು ಪೊಲೀಸರಿಗೂ ಅನ್ವಯಿಸಿತು.

ವಾಹನದಲ್ಲಿ ಬಿಡದಿರುವುದೇ ಮೊದಲ ನಿಯಮ. ನ್ಯಾಯಾಲಯ, ಆಸ್ಪತ್ರೆ, ಕಾರಾಗೃಹದಂಥ ಕಡೆ ಒಳಗೆ ಒಯ್ಯಲಾಗದಿದ್ದರೆ ಅಲ್ಲಿನ ಲಾಕರಿನಲ್ಲಿ ರಸೀದಿ ಪಡೆದು ಇಡಬೇಕು. ಬೇರೆ ದಾರಿಯೇ ಇಲ್ಲದಾಗ ಮಾತ್ರ, ವಾಹನದ ಚೌಕಟ್ಟಿಗೆ ಉಕ್ಕಿನ ಹಗ್ಗದಿಂದ ಬಿಗಿದ ಬೀಗದ ಪೆಟ್ಟಿಗೆಯಲ್ಲಿ, ಡಿಕ್ಕಿಯೊಳಗೆ, ಅಲ್ಪಾವಧಿಗೆ ಇಡಬಹುದು. ಅದನ್ನೂ ಗುರಿ ತಲುಪುವ ಮೊದಲೇ, ಬೇರೆ ಜಾಗದಲ್ಲಿ ಮಾಡಿ ಬರಬೇಕು. ನಿಲುಗಡೆಯಲ್ಲಿ ಎಲ್ಲರೆದುರು ಡಿಕ್ಕಿ ತೆರೆದು ಪೆಟ್ಟಿಗೆಗೆ ಹಾಕುವವರು ನೋಡುಗರಿಗೆ ವಿಳಾಸ ಕೊಟ್ಟಂತೆಯೇ. ರಾತ್ರಿಯಿಡೀ ವಾಹನದಲ್ಲಿ ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇಲಾಖೆಯ ಲಾಂಛನ, ಪೊಲೀಸ್ ಸಮವಸ್ತ್ರ ಅಥವಾ ಟೋಪಿಯನ್ನು ಸೀಟಿನ ಮೇಲೆ ಕಾಣುವಂತೆ ಬಿಟ್ಟರೆ ಇದರೊಳಗೆ ಹುಡುಕಲು ಏನೋ ಇದೆ ಎಂಬ ಫಲಕ ಹಾಕಿದಂತಾಗುತ್ತದೆ.

ಮನೆಗೆ ಒಯ್ಯಲು ಲಿಖಿತ ಅನುಮತಿ ಇರಬೇಕು. ಅನುಮತಿಯ ಷರತ್ತಾಗಿ ಬಿಗಿದ ಸೇಫ್ ಇರಬೇಕು. ಖಾಲಿ ಮಾಡಿದ ಬಂದೂಕು ಒಂದು ಕಡೆ, ತೋಟಾ ಬೇರೆ ಬೀಗದಲ್ಲಿ. ಸೇನೆಯ ಆಯುಧವನ್ನು ಮನೆಯಲ್ಲಿಡುವ ದೀರ್ಘ ಸಂಪ್ರದಾಯವಿರುವ ಸ್ವಿಟ್ಜರ್ಲೆಂಡ್ ಕೂಡ, 2007ರಲ್ಲಿ ಅಲ್ಲಿನ ಸಂಸತ್ತು ಕೈಗೊಂಡ ನಿರ್ಧಾರದ ನಂತರ, ಮನೆಗಳಲ್ಲಿದ್ದ ಸೇನಾ ಮದ್ದುಗುಂಡನ್ನು ಹಿಂದಕ್ಕೆ ಪಡೆಯಿತು. ಟ್ರಿಗರ್ ಲಾಕ್ ಮಕ್ಕಳ ಕೈಯಿಂದ ರಕ್ಷಿಸುತ್ತದೆಯೇ ಹೊರತು ಕಳ್ಳನಿಂದಲ್ಲ, ಏಕೆಂದರೆ ಅವನು ಬಂದೂಕನ್ನು ಲಾಕಿನ ಸಮೇತ ಒಯ್ಯುತ್ತಾನೆ. ಕಪಾಟಿನ ಮೇಲೆ ಇಟ್ಟದ್ದು ಮಕ್ಕಳಿಗೆ ಗೊತ್ತಿಲ್ಲವೆಂದು ನಂಬುವ ತಂದೆತಾಯಿಗೆ ತಮ್ಮ ಬಾಲ್ಯ ಮರೆತಿರುತ್ತದೆ.

ಇಲ್ಲಿಯೇ ಇನ್ನೊಂದು ಮಾತು, ಸಾಮಾನ್ಯವಾಗಿ ಇಂಥ ಮಾರ್ಗದರ್ಶಿಗಳಲ್ಲಿ ಬಿಟ್ಟುಹೋಗುವಂಥದ್ದು. ಸಿಬ್ಬಂದಿಯೊಬ್ಬರು ತೀವ್ರ ದುಃಖ, ಕುಟುಂಬ ಕಲಹ ಅಥವಾ ಖಿನ್ನತೆಯಲ್ಲಿದ್ದಾಗ ಅವರ ಕೈಯಲ್ಲಿರುವ ಬಂದೂಕು ಅವರಿಗೇ ಅಪಾಯ. ಅವರಾಗಿಯೇ ಬಂದು ಇಟ್ಟುಹೋಗಲು, ಅಥವಾ ಮೇಲಧಿಕಾರಿ ಸದ್ದಿಲ್ಲದೆ ತಾತ್ಕಾಲಿಕವಾಗಿ ಪಡೆಯಲು, ಶಿಸ್ತುಕ್ರಮದ ಸೋಂಕಿಲ್ಲದ ಒಂದು ವಿಧಾನ ಇರಬೇಕು. ಬಂದೂಕು ಒಪ್ಪಿಸಿದ್ದು ಬಡ್ತಿಗೆ ಅಡ್ಡಿಯಾಗುತ್ತದೆಂಬ ಭಯವಿದ್ದರೆ ಯಾರೂ ಒಪ್ಪಿಸುವುದಿಲ್ಲ.

ಹಂತ 6: ಮದ್ದುಗುಂಡು

ಬಂದೂಕಿಗೆ ಸಂಖ್ಯೆ ಇದೆ, ಬಿಡಿ ತೋಟಾಕ್ಕೆ ಇಲ್ಲ. ಆದ್ದರಿಂದ ಸೋರಿಕೆ ಇಲ್ಲಿ ಸುಲಭ, ಪತ್ತೆ ಕಷ್ಟ. ಲಾಟ್ ಸಂಖ್ಯೆಯ ಪ್ರಕಾರ ಲೆಕ್ಕ ಇಟ್ಟು, ಮೊದಲು ಬಂದದ್ದನ್ನು ಮೊದಲು ಬಳಸಬೇಕು. ಜೀವಂತ ತೋಟಾ, ಶಬ್ದದ ಖಾಲಿ ತೋಟಾ ಮತ್ತು ಕವಾಯತಿನ ತೋಟಾಗಳು ಬೇರೆಬೇರೆ ಕಪಾಟಿನಲ್ಲಿ, ದೂರದಿಂದಲೇ ಗುರುತಿಸಬಹುದಾದ ಬಣ್ಣದ ಪೆಟ್ಟಿಗೆಗಳಲ್ಲಿರಬೇಕು. ಇವು ಬೆರೆತರೆ ಲೆಕ್ಕವೂ ಕೆಡುತ್ತದೆ, ಪ್ರಾಣವೂ ಹೋಗಬಹುದು. ಗುಂಡು ಹಾರಿಸುವ ಅಭ್ಯಾಸದ ದಿನ ಕೊಟ್ಟದ್ದು, ಹಾರಿದ್ದು, ಹಾರದೆ ಉಳಿದದ್ದು ಮತ್ತು ಹೆಕ್ಕಿದ ಖಾಲಿ ಕೋಶಗಳು ಒಂದಕ್ಕೊಂದು ಹೊಂದಬೇಕು. ಕೆಲವು ಕೋಶಗಳು ಹುಲ್ಲಿನಲ್ಲಿ ಸಿಗದಿರುವುದು ಸಹಜ. ಪ್ರತಿ ಸಲವೂ ಅಷ್ಟೇ ಸಂಖ್ಯೆಯಲ್ಲಿ ಸಿಗದಿರುವುದು ಸಹಜವಲ್ಲ.

ಪೆಟ್ಟಿಗೆಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಅಡ್ಡೆಗಳ ಮೇಲೆ ಇಡಬೇಕು, ತೇವ ಮತ್ತು ಬಿಸಿಲಿನ ಶಾಖದಿಂದ ದೂರವಿಡಬೇಕು. ಅಶ್ರುವಾಯು ಶೆಲ್ಲುಗಳು ಪ್ರತ್ಯೇಕ ಕೋಣೆಯಲ್ಲಿರಲಿ; ಅವಧಿ ಮುಗಿದವುಗಳನ್ನು ಬೇರ್ಪಡಿಸಿ ದಿನಾಂಕ ಬರೆದಿಡಬೇಕು. ದೊಡ್ಡ ಪ್ರಮಾಣದ ದಾಸ್ತಾನಿಗೆ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಮದ್ದುಗುಂಡು ತಾಂತ್ರಿಕ ಮಾರ್ಗಸೂಚಿಗಳು ಉಪಯುಕ್ತ. ಸೈಪ್ರಸ್ಸಿನ ನೌಕಾನೆಲೆಯೊಂದರಲ್ಲಿ ವಶಪಡಿಸಿಕೊಂಡ ಸ್ಫೋಟಕಗಳ ಕಂಟೇನರುಗಳನ್ನು ಬಯಲಿನಲ್ಲಿ ಬಿಸಿಲಿಗೆ ಬಿಟ್ಟಿದ್ದರು. 2011ರ ಜುಲೈ 11ರಂದು ಅವು ಸಿಡಿದು 13 ಜನ ಸತ್ತರು, ಪಕ್ಕದ ವಿದ್ಯುತ್ ಸ್ಥಾವರವೂ ಹಾಳಾಯಿತು.

ಹಂತ 7: ಮಾಹಿತಿ ಹೊತ್ತ ಸಾಧನಗಳು, ಬ್ಯಾಡ್ಜ್ ಮತ್ತು ಮೊಹರು

ಲ್ಯಾಪ್‌ಟಾಪ್ ಕಳೆದರೆ ಯಂತ್ರದ ಬೆಲೆ ಮುಖ್ಯವಲ್ಲ. 2006ರ ಮೇ ತಿಂಗಳಲ್ಲಿ ಅಮೆರಿಕದ ನಿವೃತ್ತ ಯೋಧರ ಇಲಾಖೆಯ ನೌಕರರೊಬ್ಬರ ಮನೆಯಿಂದ ಕಳವಾದ ಸಾಧನಗಳಲ್ಲಿ ಸುಮಾರು 2 ಕೋಟಿ 65 ಲಕ್ಷ ಜನರ ವೈಯಕ್ತಿಕ ವಿವರಗಳಿದ್ದವು, ಅವು ಗೂಢಲಿಪಿಯಲ್ಲಿರಲಿಲ್ಲ. ಆದ್ದರಿಂದ ಸಂಪೂರ್ಣ ಡಿಸ್ಕ್ ಗೂಢಲಿಪೀಕರಣ ಇಲ್ಲದ ಯಂತ್ರವನ್ನು ಕಚೇರಿಯ ಹೊಸ್ತಿಲು ದಾಟಿಸಬಾರದು. ಯಂತ್ರ ನಿದ್ರೆಯ ಸ್ಥಿತಿಯಲ್ಲಿರುವಾಗ ಕೀಲಿ ಅದರ ಸ್ಮೃತಿಯಲ್ಲೇ ಉಳಿದಿರುತ್ತದೆ, ಆದ್ದರಿಂದ ಪ್ರಯಾಣದಲ್ಲಿ ಪೂರ್ತಿ ಆರಿಸಬೇಕು. ಪಾಸ್‌ವರ್ಡ್ ಬರೆದ ಚೀಟಿ ಯಂತ್ರಕ್ಕೇ ಅಂಟಿದ್ದರೆ ಉಳಿದುದೆಲ್ಲ ವ್ಯರ್ಥ.

ಯಂತ್ರವನ್ನು ಕೊಡುವಾಗಲೇ ಅದರಲ್ಲಿ ಯಾವ ದರ್ಜೆಯ ಮಾಹಿತಿ ಇರುತ್ತದೆಂದು ಬರೆದಿಡುವುದು ಬಹಳ ಜನ ಮಾಡದ, ಆದರೆ ಮಾಡಲೇಬೇಕಾದ ಕೆಲಸ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಬಗ್ಗೆ 2007ರಲ್ಲಿ ಬಂದ ಲೆಕ್ಕಪರಿಶೋಧನೆಯಲ್ಲಿ 44 ತಿಂಗಳಲ್ಲಿ 160 ಲ್ಯಾಪ್‌ಟಾಪ್‌ಗಳು ಕಾಣೆಯಾದದ್ದು ಕಂಡುಬಂತು. ಅವುಗಳಲ್ಲಿ 51 ಯಂತ್ರಗಳೊಳಗೆ ಸೂಕ್ಷ್ಮ ಮಾಹಿತಿ ಇತ್ತೋ ಇಲ್ಲವೋ ಎಂಬುದನ್ನೇ ಆ ಸಂಸ್ಥೆಗೆ ಹೇಳಲಾಗಲಿಲ್ಲ.

ವೈರ್‌ಲೆಸ್ ಸೆಟ್ ಕಳೆದರೆ ಅದರ ಮೂಲಕ ಎಲ್ಲರ ಮಾತು ಹೊರಗೆ ಕೇಳುತ್ತಿರುತ್ತದೆ. ಡಿಜಿಟಲ್ ಜಾಲಗಳಲ್ಲಿ ನಿರ್ದಿಷ್ಟ ಸೆಟ್ಟನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವ ಸೌಲಭ್ಯವಿರುತ್ತದೆ; ಆದರೆ ಸೆಟ್ಟಿನ ಗುರುತುಸಂಖ್ಯೆ ನಿಯಂತ್ರಣ ಕೊಠಡಿಯಲ್ಲಿ ಇಲ್ಲದಿದ್ದರೆ ಆ ಸೌಲಭ್ಯ ಇದ್ದೂ ಇಲ್ಲದಂತೆ. ಮೊಹರುಗಳ ಪ್ರತಿಯೊಂದರ ಒತ್ತುಮುದ್ರೆಯನ್ನು ರಿಜಿಸ್ಟರಿನಲ್ಲಿ ತೆಗೆದಿಟ್ಟು, ಸಂಜೆ ಅಧಿಕಾರಿಯೇ ಬೀಗ ಹಾಕಬೇಕು. ಬ್ಯಾಡ್ಜ್ ಕಳೆದದ್ದನ್ನು ಹಣ ಕಟ್ಟಿ ಹೊಸದು ಪಡೆಯುವ ಸಣ್ಣ ವಿಷಯವೆಂದು ನೋಡುವುದು ತಪ್ಪು. ಅದರ ಸಂಖ್ಯೆಯನ್ನು ರದ್ದಾದ ಪಟ್ಟಿಗೆ ಸೇರಿಸಿ ಸಂಬಂಧಿಸಿದ ದ್ವಾರಗಳಿಗೆಲ್ಲ ತಿಳಿಸಬೇಕು.

ಹಂತ 8: ತಪಾಸಣೆ

ಪಾಳಿಯ ಎಣಿಕೆ ಪ್ರತಿದಿನ. ಸಂಖ್ಯೆ ಓದಿ ಮಾಡುವ ಪರಿಶೀಲನೆ ತಿಂಗಳಿಗೊಮ್ಮೆ. ಹೊರಗಿನ ತಂಡದ ಪೂರ್ಣ ತಪಾಸಣೆ ವರ್ಷಕ್ಕೊಮ್ಮೆ. ಇವುಗಳ ನಡುವೆ ಹೇಳದೆ ಬರುವ ತಪಾಸಣೆ. ತಿಂಗಳ ಪರಿಶೀಲನೆಯನ್ನು ಶಸ್ತ್ರಾಗಾರದ ಹೊಣೆ ಹೊತ್ತವರೇ ಮಾಡಬಾರದು. ತಂಡಕ್ಕೆ ಮೊದಲೇ ರಿಜಿಸ್ಟರ್ ಕೊಡದೆ, ಖಾಲಿ ಹಾಳೆಯಲ್ಲಿ ಕಂಡ ಸಂಖ್ಯೆಗಳನ್ನೆಲ್ಲ ಬರೆಯಲು ಹೇಳಿ, ಆಮೇಲೆ ಹೋಲಿಸಬೇಕು. ಹೋಲಿಕೆ ಎರಡೂ ದಿಕ್ಕಿನಲ್ಲಿ ನಡೆಯಬೇಕು: ಪುಸ್ತಕದಲ್ಲಿರುವುದು ಕೋಣೆಯಲ್ಲಿದೆಯೇ ಎಂದೂ, ಕೋಣೆಯಲ್ಲಿರುವುದು ಪುಸ್ತಕದಲ್ಲಿದೆಯೇ ಎಂದೂ. ಹೆಚ್ಚಿಗೆ ಸಿಕ್ಕ ಬಂದೂಕು ಕೂಡ ಕೊರತೆಯಷ್ಟೇ ಗಂಭೀರ. ಮುದ್ರೆ ಹಾಕಿದ ಮದ್ದುಗುಂಡಿನ ಪೆಟ್ಟಿಗೆಗಳಲ್ಲಿ ಕೆಲವನ್ನಾದರೂ ತಂಡ ತಾನೇ ಆರಿಸಿ ತೆರೆಸಿ ನೋಡಬೇಕು. ಮತ್ತು ಶಸ್ತ್ರಾಗಾರದ ಹೊಣೆಗಾರರು ವರ್ಷದಲ್ಲೊಮ್ಮೆ ಕಡ್ಡಾಯವಾಗಿ ದೀರ್ಘ ರಜೆ ಪಡೆದು, ಬೇರೆಯವರಿಗೆ ಪೂರ್ಣ ಎಣಿಕೆಯೊಂದಿಗೆ ಒಪ್ಪಿಸಬೇಕು. ಮುಚ್ಚಿಟ್ಟ ಕೊರತೆಗಳು ಹೊರಬೀಳುವುದು ಬಹುಪಾಲು ಇಂಥ ರಜೆಯಲ್ಲಿಯೇ.

ಇದರಿಂದ ಫಲವಿದೆಯೇ ಎಂಬುದಕ್ಕೆ ಎಫ್‌ಬಿಐ ಅಂಕಿಗಳೇ ಉತ್ತರ. 2002ರ ಪರಿಶೋಧನೆಯಲ್ಲಿ 28 ತಿಂಗಳಿಗೆ 354 ಆಯುಧಗಳು ಕಾಣೆಯಾಗಿದ್ದವು, ಅಂದರೆ ತಿಂಗಳಿಗೆ ಹನ್ನೆರಡಕ್ಕೂ ಹೆಚ್ಚು. 2007ರದ್ದರಲ್ಲಿ 44 ತಿಂಗಳಿಗೆ 160, ಅಂದರೆ ತಿಂಗಳಿಗೆ ನಾಲ್ಕಕ್ಕಿಂತ ಕಡಿಮೆ.

ಹಂತ 9: ಕಳೆದರೆ ಏನು ಮಾಡಬೇಕು

ಮೊದಲ ಗಂಟೆ ಹುಡುಕಾಟಕ್ಕಲ್ಲ, ವರದಿಗೆ. ಹುಡುಕಾಟ ವರದಿಯ ಜೊತೆಜೊತೆಗೆ ನಡೆಯಬೇಕು. ಇನ್ನೊಮ್ಮೆ ಮನೆಯಲ್ಲಿ ನೋಡಿ ಆಮೇಲೆ ಹೇಳೋಣ ಎಂದು ಕಳೆದ ಸಮಯದಲ್ಲಿ ಬಂದೂಕು ಮೂರು ಕೈ ದಾಟಿರಬಹುದು. ಮೇಲಧಿಕಾರಿಗೆ, ಆ ವ್ಯಾಪ್ತಿಯ ಪೊಲೀಸ್ ಠಾಣೆಗೆ, ನಿಯಂತ್ರಣ ಕೊಠಡಿಗೆ ಕ್ರಮಸಂಖ್ಯೆ ಸಹಿತ ತಿಳಿಸಿ, ಕೊನೆಯದಾಗಿ ನೋಡಿದ ಸಮಯ ಮತ್ತು ಜಾಗವನ್ನು ನೆನಪು ಹಸಿಯಾಗಿರುವಾಗಲೇ ಬರೆದುಕೊಳ್ಳಬೇಕು. ಹೋಟೆಲು, ಅಂಗಡಿ, ನಿಲುಗಡೆಗಳ ಕ್ಯಾಮೆರಾ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿಯುವುದರಿಂದ ಅವನ್ನು ಉಳಿಸುವಂತೆ ಅಂದೇ ಪತ್ರ ಕೊಡಬೇಕು. ದೇಶದ ಕಳವಾದ ಆಯುಧಗಳ ದಾಖಲೆಗೂ, ಗಡಿ ದಾಟುವ ಸಾಧ್ಯತೆ ಇದ್ದರೆ ಕಳೆದ, ಕಳವಾದ ಆಯುಧಗಳ ಜಾಡು ಹಿಡಿಯುವ ಇಂಟರ್‌ಪೋಲಿನ ಐಆರ್ಮ್ಸ್ ವ್ಯವಸ್ಥೆಗೂ ಸಂಖ್ಯೆ ಸೇರಿಸಬೇಕು. ಲ್ಯಾಪ್‌ಟಾಪ್ ಅಥವಾ ಮೊಬೈಲ್ ಆದರೆ ಖಾತೆಗಳನ್ನು ಸ್ತಂಭಿಸಿ, ದೂರದಿಂದ ಅಳಿಸುವ ಆದೇಶ ಕಳಿಸಬೇಕು.

ಕಳೆದುಕೊಂಡವರ ಮೇಲಿನ ಕ್ರಮದ ಬಗ್ಗೆ ಇಲಾಖೆಗಳಿಗೆ ಒಂದು ಮಾತು: ಕಳೆದದ್ದಕ್ಕಿಂತ ಮುಚ್ಚಿಟ್ಟದ್ದಕ್ಕೆ ಶಿಕ್ಷೆ ಹೆಚ್ಚಾಗಿರಬೇಕು, ಮತ್ತು ಆ ವ್ಯತ್ಯಾಸ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಮರಳಿ ಸಿಕ್ಕ ಬಂದೂಕನ್ನು ಸಂತೋಷದಿಂದ ಒರೆಸಿ ಚರಣಿಗೆಗೆ ಇಡಬಾರದು. ಅದು ಅಷ್ಟರಲ್ಲಿ ಯಾವುದೋ ಅಪರಾಧದ ಸಾಕ್ಷ್ಯವಾಗಿರಬಹುದು, ವಿಧಿವಿಜ್ಞಾನ ಪರೀಕ್ಷೆ ಮುಗಿಯುವವರೆಗೆ ಪ್ರತ್ಯೇಕವಾಗಿಡಬೇಕು.

ಹಂತ 10: ವರ್ಗಾವಣೆ, ನಿವೃತ್ತಿ, ವಿಲೇವಾರಿ

ವರ್ಗವಾದವರು ಎಲ್ಲ ಸಾಧನ ಒಪ್ಪಿಸಿದ ಪ್ರಮಾಣಪತ್ರ ತಂದ ಮೇಲೆಯೇ ಬಿಡುಗಡೆ ಆದೇಶಕ್ಕೆ ಸಹಿಯಾಗಬೇಕು. ಅಮಾನತಾದವರಿಂದ ಆದೇಶ ಕೊಡುವ ಗಳಿಗೆಯಲ್ಲೇ ಬಂದೂಕು, ಬ್ಯಾಡ್ಜ್ ಮತ್ತು ಪ್ರವೇಶ ಚೀಟಿ ಪಡೆಯಬೇಕು. ಆಸ್ಪತ್ರೆ ಸೇರಿದವರ, ತೀರಿಕೊಂಡವರ ಆಯುಧವನ್ನು ಯಾರು ಹೋಗಿ ತರಬೇಕೆಂದು ಮೊದಲೇ ಆದೇಶವಿರಬೇಕು. ದುಃಖದ ಮನೆಯಲ್ಲಿ ಇದನ್ನು ಕೇಳಲು ಎಲ್ಲರೂ ಹಿಂಜರಿಯುವುದರಿಂದ ಬಂದೂಕು ತಿಂಗಳುಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ.

ಸೇವೆಗೆ ಬಾರದ ಬಂದೂಕನ್ನು ಮೂಲೆಯಲ್ಲಿ ಪೇರಿಸಿಟ್ಟರೆ ಅದರ ಬಿಡಿಭಾಗಗಳು ಮೊದಲು ನಡೆದುಹೋಗುತ್ತವೆ. ಸಕ್ಷಮ ಪ್ರಾಧಿಕಾರದ ಆದೇಶ ಪಡೆದು, ಸಮಿತಿಯ ಎದುರು ಪ್ರತಿ ಸಂಖ್ಯೆಯನ್ನು ಮತ್ತೊಮ್ಮೆ ಓದಿ, ಚಿತ್ರ ತೆಗೆದು, ಮರುಜೋಡಿಸಲಾಗದಂತೆ ರಿಸೀವರ್ (ಬಂದೂಕಿನ ಮುಖ್ಯ ದೇಹ) ಮತ್ತು ನಳಿಗೆಯನ್ನು ಗ್ಯಾಸ್ ಕಟ್ಟರಿನಿಂದ ತುಂಡರಿಸಬೇಕು ಅಥವಾ ಕುಲುಮೆಯಲ್ಲಿ ಕರಗಿಸಬೇಕು. ಡಿಸ್ಕ್‌ಗಳನ್ನು ಫಾರ್ಮ್ಯಾಟ್ ಮಾಡಿ ಹರಾಜಿಗೆ ಕಳಿಸದೆ, ಮಾಹಿತಿ ಮರಳಿ ಸಿಗದಂತೆ ಅಳಿಸುವ ತಂತ್ರಾಂಶ ಬಳಸಬೇಕು ಅಥವಾ ಪುಡಿಮಾಡಿಸಬೇಕು. ನಾಶದ ಪ್ರಮಾಣಪತ್ರಕ್ಕೆ ಸಾಕ್ಷಿಗಳೆಲ್ಲರ ಸಹಿ ಬಿದ್ದ ಮೇಲೆ ರಿಜಿಸ್ಟರಿನಲ್ಲಿ ಆ ಸಾಲನ್ನು ಹೊಡೆದುಹಾಕದೆ, ಪ್ರಮಾಣಪತ್ರದ ಸಂಖ್ಯೆ ಮತ್ತು ದಿನಾಂಕ ಬರೆದು ಮುಕ್ತಾಯಗೊಳಿಸಬೇಕು. ಕಚೇರಿಯೊಳಗೆ ಕೊಟ್ಟಿದ್ದ ದಾಸ್ತಾನು ಸಂಖ್ಯೆಯನ್ನು ಮುಂದೆ ಬರುವ ಯಾವ ಸಾಧನಕ್ಕೂ ಮತ್ತೆ ಕೊಡಬಾರದು.